ಮಧ್ಯಾಹ್ನ ಸೋಲಾರ್ ಇರುವಾಗ ರಾಯಚೂರಿನ ಘಟಕಗಳನ್ನು ಆರಿಸಿ, ಸಂಜೆ ಮತ್ತೆ ಹೊತ್ತಿಸಬಾರದೇಕೆ?

ಬಿಸಿಲುಮಚ್ಚು
ಪಾವಗಡ ಒಂದರಲ್ಲೇ 2,050 ಮೆಗಾವ್ಯಾಟ್ ಸೋಲಾರ್ ಇದೆ. ಶಕ್ತಿನಗರದ ಆರ್‌ಟಿಪಿಎಸ್‌ನ (ರಾಯಚೂರು ಕಲ್ಲಿದ್ದಲು ಸ್ಥಾವರ) ಎಂಟೂ ಘಟಕ ಸೇರಿದರೆ 1,720 (210ರ ಏಳು, 250ರ ಒಂದು). ಮಧ್ಯಾಹ್ನ ಸೋಲಾರ್ ತುಂಬಿ ಹರಿಯುವಾಗಲೂ ಅಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ. ಹತ್ತು ಗಂಟೆಗೆ ಬಂದ್ ಮಾಡಿ ಐದಕ್ಕೆ ಶುರು ಮಾಡಿದರೆ ಆಗದೇ? ಪರಿಸರದ ಭಾಷಣ ಬೇಡ, ಯಂತ್ರದ ಮಟ್ಟದಲ್ಲಿ ಏನು ಅಡ್ಡಿ ಅಂತ ತಿಳಿದವರು ಹೇಳಿ.

ಬಾಯ್ಲರ್‌ಡ್ರಮ್
ಆಗಂಗಿಲ್ಲ ಅಂತಲ್ರೀ, ಆಗ್ತದ. ದಿನಾ ಮಾಡಿದ್ರ ಏನಾಗ್ತದ ಅನ್ನೂದು ಪ್ರಶ್ನಿ.

210ರ ಘಟಕದಾಗ ಡ್ರಮ್ಮಿನ (ಬಾಯ್ಲರಿನಾಗ ನೀರು-ಉಗಿ ಬ್ಯಾರಿ ಆಗೂ ದೊಡ್ಡ ಉಕ್ಕಿನ ಪೀಪಾಯಿ) ಗೋಡಿ ದಪ್ಪ 130 ಮಿಲಿಮೀಟರ್ ಮ್ಯಾಲೆ ಅದ. ಒಳಗ ಚದರ ಸೆಂಟಿಮೀಟರಿಗೆ 150 ಕೆಜಿ ಒತ್ತಡದ ನೀರು, ಉಗಿ. ಅಷ್ಟು ದಪ್ಪ ಉಕ್ಕು ಒಳಗಿನ ಮೈ ಬ್ಯಾಗ ಕಾಯ್ದು ಹೊರಗಿನ ಮೈ ತಣ್ಣಗ ಉಳಿದ್ರ ಬಿರುಕು ಬಿಡ್ತದ. ಅದಕ್ಕ ಡ್ರಮ್ಮಿನ ಮ್ಯಾಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ 50 ಡಿಗ್ರಿಗಿಂತ ಹೆಚ್ಚು ಅಂತರ ಬರಬಾರದು, ಉಷ್ಣತೆ ನಿಮಿಷಕ್ಕ ಸುಮಾರು 2 ಡಿಗ್ರಿ ಲೆಕ್ಕದಾಗ ಏರಬೇಕು ಅಂತ ಕಟ್ಟುಪಾಡು.

ಹಚ್ಚೂ ಕ್ರಮ ಹಿಂಗ: ಮೊದಲ ಡ್ರಮ್ಮಿಗೆ ಡಿಎಂ ನೀರು (ಖನಿಜ ತೆಗೆದ ಶುದ್ಧ ನೀರು) ತುಂಬಬೇಕು. ಏರ್ ಪ್ರೀಹೀಟರ್ (ಒಳಗ ಹೋಗೂ ಗಾಳಿ ಕಾಯಿಸೂದು), ಐಡಿ ಫ್ಯಾನ್ (ಹೊಗಿ ಎಳಿಯೂದು), ಎಫ್‌ಡಿ ಫ್ಯಾನ್ (ಗಾಳಿ ತಳ್ಳೂದು) ಚಾಲೂ ಆಗಬೇಕು. ಆಮ್ಯಾಲೆ ಪೂರ್ತಿ ಗಾಳಿಯ ಶೇ. 30ಕ್ಕ ಕಡಿಮಿ ಇಲ್ಲದಂಗ 5 ನಿಮಿಷ ಫರ್ನೇಸ್ ಪರ್ಜ್. ಒಳಗ ಉಳಿದ ಎಣ್ಣಿ ಹೊಗಿ, ಪುಡಿ ಇದ್ದದ್ದು ಹೊರಗ ಹೋಗಬೇಕು, ಇಲ್ಲಂದ್ರ ಕಿಡಿ ಬಿದ್ದ ಕೂಡ್ಲೆ ಫರ್ನೇಸ್ ಸಿಡೀತದ. ಪರ್ಜ್ ಮುಗೀದ ಹೊರತು ಎಣ್ಣಿ ವಾಲ್ವ್ ತೆರೆಯಂಗಿಲ್ಲ, ಇಂಟರ್‌ಲಾಕ್ ಬಿಡಂಗಿಲ್ಲ. ಆಮ್ಯಾಲೆ ಮೂಲಿಗೊಂದರಂಗ ಎಣ್ಣಿ ಗನ್ನು, ಎದುರು ಬದುರು ಜೋಡಿ ಹಚ್ಚಬೇಕು. ಉಗಿ ಒತ್ತಡ ಬಂದಂಗ ವೆಂಟು, ಡ್ರೇನು ಮುಚ್ಚಿ, ಎಚ್‌ಪಿ-ಎಲ್‌ಪಿ ಬೈಪಾಸ್‌ನಾಗ (ಟರ್ಬೈನ್ ತಪ್ಪಿಸಿ ಹೋಗೂ ಪೈಪು) ಉಗಿ ಹರಿಸಿ ಪೈಪು ಕಾಯಿಸಬೇಕು. ಕಂಡೆನ್ಸರಿನಾಗ (ಬಳಸಿದ ಉಗಿ ತಣಿದು ನೀರಾಗೂ ಜಾಗ) ವ್ಯಾಕ್ಯೂಮ್ ಎಳೀಬೇಕು. ಇಷ್ಟಾದ ಮ್ಯಾಲೆ ಟರ್ಬೈನಿಗೆ ಉಗಿ.

ಪೂರ್ತಿ ತಣ್ಣಗಿದ್ರ ಇದಕ್ಕೆಲ್ಲಾ ಹತ್ತು-ಹನ್ನೆರಡು ತಾಸು ಹಿಡೀತದ. ಬಿಸಿ ಇದ್ದಾಗ ಎರಡು-ಮೂರು ತಾಸಿನಾಗ ಸಿಂಕ್ ಆಗ್ತದ (ಗ್ರಿಡ್ಡಿಗೆ ಕೂಡ್ತದ), ಪೂರ್ತಿ ಲೋಡಿಗೆ ಇನ್ನೂ ಒಂದೆರಡು ತಾಸು.

50ಹರ್ಟ್ಜ್
ಇದಕ್ಕೆ ಲೆಕ್ಕ ಸೇರಿಸುತ್ತೇನೆ. ನಿಂತು 10 ಗಂಟೆಯೊಳಗೆ ಹೊತ್ತಿಸಿದರೆ ಹಾಟ್ ಸ್ಟಾರ್ಟ್, 10ರಿಂದ 72 ಗಂಟೆಯಾದರೆ ವಾರ್ಮ್, ಅದಕ್ಕೂ ಮೀರಿದರೆ ಕೋಲ್ಡ್. 200-250 ಮೆಗಾವ್ಯಾಟ್ ಗಾತ್ರದ ಘಟಕಕ್ಕೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಪರಿಹಾರ ಲೆಕ್ಕಕ್ಕೆ ಒಪ್ಪಿದ ಎಣ್ಣೆ ಕ್ರಮವಾಗಿ 20, 30, 50 ಕಿಲೋಲೀಟರ್. ಲೀಟರಿಗೆ 60 ರೂಪಾಯಿ ಹಿಡಿದರೂ ಒಂದು ಹಾಟ್ ಸ್ಟಾರ್ಟಿಗೆ ಎಣ್ಣೆಯೇ 12 ಲಕ್ಷ.

ನಿಲ್ಲಿಸದೆ ಶೇ. 55ಕ್ಕೆ ಇಳಿಸಿದರೆ ಏನಾಗುತ್ತದೆ? 210ರ 55 ಅಂದರೆ 115 ಮೆಗಾವ್ಯಾಟ್ ಚಿಲ್ಲರೆ. ಆರು ಗಂಟೆಗೆ ಸುಮಾರು 6.9 ಲಕ್ಷ ಯೂನಿಟ್. ಪೂರ್ತಿ ಲೋಡಿನಲ್ಲಿ ಯೂನಿಟ್ಟಿಗೆ 2,500 ಕಿಲೋಕ್ಯಾಲೊರಿ ಬೇಕಾಗುವ ಘಟಕ ಈ ಮಟ್ಟಕ್ಕೆ ಇಳಿದಾಗ ಶೇ. 6ರಷ್ಟು ಹೆಚ್ಚು ಶಾಖ ತಿನ್ನುತ್ತದೆ ಎಂದು ಅದೇ ಆಯೋಗದ ಕೋಷ್ಟಕ ಒಪ್ಪುತ್ತದೆ. ಕೆಜಿಗೆ 3,500 ಕಿಲೋಕ್ಯಾಲೊರಿಯ ಕಲ್ಲಿದ್ದಲಾದರೆ ಯೂನಿಟ್ಟಿಗೆ 0.71 ಕೆಜಿ ಇದ್ದದ್ದು 0.75ರ ಹತ್ತಿರ ಹೋಗುತ್ತದೆ. ಆರು ಗಂಟೆಗೆ 520 ಟನ್.

ಬಿಸಿಲುಮಚ್ಚು
ಹಾಗಾದರೆ ನನ್ನ ಮಾತೇ ಗೆದ್ದಿತಲ್ಲ! ಟನ್ನಿಗೆ 5,000 ಅಂತಿಟ್ಟುಕೊಂಡರೆ 520 ಟನ್ನಿಗೆ 26 ಲಕ್ಷ. ಎಣ್ಣೆಗೆ 12. ಬಂದ್ ಮಾಡಿದರೆ 14 ಲಕ್ಷ ಉಳಿತಾಯ.

50ಹರ್ಟ್ಜ್
ಕಾಗದದ ಮೇಲೆ ಹೌದು. ಬಿಟ್ಟುಹೋದದ್ದು ಎರಡು. ಮೊದಲನೆಯದು, ಹೊತ್ತಿಸುವ ಅವಧಿಯಲ್ಲಿ ಎಣ್ಣೆಯ ಜೊತೆಗೆ ಕಲ್ಲಿದ್ದಲೂ ಉರಿಯುತ್ತದೆ. ಫ್ಯಾನು, ಫೀಡ್ ಪಂಪುಗಳಿಗೆ ಗ್ರಿಡ್‌ನಿಂದ ಕರೆಂಟ್ ಎಳೆಯಬೇಕು. ಒಂದು ಬಾಯ್ಲರ್ ಫೀಡ್ ಪಂಪಿನ ಮೋಟಾರೇ ಸುಮಾರು 4 ಮೆಗಾವ್ಯಾಟ್. ಆ ಹೊತ್ತಿನಲ್ಲಿ ಒಂದು ಯೂನಿಟ್ಟೂ ಹೊರಗೆ ಹೋಗುವುದಿಲ್ಲ.

ಎರಡನೆಯದು ನಿಜವಾದ ಭಯ: ಸಂಜೆ ಆರೂವರೆಗೆ ಬರಬೇಕಾದ ಘಟಕ ಬಾರದಿದ್ದರೆ? ವಿದ್ಯುತ್ ಎಕ್ಸ್‌ಚೇಂಜಿನಲ್ಲಿ (ಕರೆಂಟು ಕೊಂಡು ಮಾರುವ ಮಾರುಕಟ್ಟೆ) ಯೂನಿಟ್ಟಿಗೆ 10 ರೂಪಾಯಿ ಗರಿಷ್ಠ ಮಿತಿ. ಸಂಜೆ ಹೊತ್ತು ದರ ಆ ಮಿತಿಗೆ ಹೋಗಿ ಮುಟ್ಟುವುದು ಅಪರೂಪವಲ್ಲ. 210 ಮೆಗಾವ್ಯಾಟ್ ನಾಲ್ಕು ಗಂಟೆಗೆ 8.4 ಲಕ್ಷ ಯೂನಿಟ್, 84 ಲಕ್ಷ ರೂಪಾಯಿ. ಅದೂ ಮಾರುವವರು ಸಿಕ್ಕರೆ. ಸಿಗದಿದ್ದರೆ ಊರುಗಳ ಕರೆಂಟ್ ಲೈನ್ (ಫೀಡರ್) ಕತ್ತರಿಸುವುದೇ. ಹಳೆಯ ಘಟಕವನ್ನು ದಿನಾ ಹೊತ್ತಿಸಿದರೆ ನಿಮ್ಮ ಆರು ದಿನದ ಉಳಿತಾಯವನ್ನು ಒಂದು ಸಲದ ವೈಫಲ್ಯ ನುಂಗಿಬಿಡುತ್ತದೆ. ಲೋಡ್ ಡಿಸ್ಪ್ಯಾಚಿನಲ್ಲಿ (ಯಾವ ಘಟಕ ಎಷ್ಟು ಓಡಬೇಕೆಂದು ಹೇಳುವ ಕೇಂದ್ರ) ಕುಳಿತವರ ಲೆಕ್ಕದಲ್ಲಿ, ಮಧ್ಯಾಹ್ನ ಅರೆಲೋಡಿನಲ್ಲಿ ಓಡುವ ಘಟಕ ಅಂದರೆ ಸಂಜೆಗೆ ಕಾದಿರಿಸಿದ ಮಿಕ್ಕ 95 ಮೆಗಾವ್ಯಾಟ್.

ಟರ್ಬೈನ್‌ಹಾಲ್
ಹಾಟ್ ಸ್ಟಾರ್ಟ್ ಸುಲಭ ಅಂತ ಓದಿದವರಿಗೆ ಅನ್ನಿಸಬಹುದು. ಟರ್ಬೈನ್ ಕಡೆಯಿಂದ ನೋಡಿದರೆ ಅದೇ ಹೆಚ್ಚು ನಾಜೂಕು.

ಎಚ್‌ಪಿ (ಹೆಚ್ಚು ಒತ್ತಡದ) ಟರ್ಬೈನಿನ ಲೋಹ ಇನ್ನೂ 450 ಡಿಗ್ರಿಯ ಮೇಲಿದೆ ಅಂತಿಟ್ಟುಕೊಳ್ಳಿ. ಒಳಗೆ ಬಿಡುವ ಉಗಿ ಅದಕ್ಕಿಂತ ಕಡೇಪಕ್ಷ 50 ಡಿಗ್ರಿ ಬಿಸಿ ಇರಬೇಕು. ಆಗ ತಾನೇ ಹೊತ್ತಿದ ಬಾಯ್ಲರಿನಿಂದ 500 ಡಿಗ್ರಿ ಉಗಿ ತೆಗೆಯಲು ಎಣ್ಣೆ ಸುರಿಯಬೇಕು, ಬೈಪಾಸಿನಲ್ಲಿ ಉಗಿ ಹಾಯಿಸಿ ಕಾಯಬೇಕು. ತಣ್ಣನೆಯ ಉಗಿ ಹೊಕ್ಕರೆ ರೋಟರ್ (ತಿರುಗುವ ಭಾಗ) ಮೇಲ್ಮೈ ಥಟ್ಟನೆ ಕುಗ್ಗುತ್ತದೆ. ರೋಟರ್ ಹಗುರ, ಕೇಸಿಂಗ್ (ಹೊರಕವಚ) ಭಾರ. ಎರಡೂ ಒಂದೇ ವೇಗದಲ್ಲಿ ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ಈ ವ್ಯತ್ಯಾಸಕ್ಕೆ ಡಿಫರೆನ್ಷಿಯಲ್ ಎಕ್ಸ್‌ಪ್ಯಾನ್ಷನ್ ಅಂತ ಮೀಟರ್ ಇರುತ್ತದೆ. ಅದು ಮಿತಿ ದಾಟಿದರೆ ತಿರುಗುವ ಬ್ಲೇಡು ನಿಂತ ಭಾಗಕ್ಕೆ ಉಜ್ಜುತ್ತದೆ.

ನಿಲ್ಲಿಸುವಾಗಲೂ ಅಷ್ಟೇ. 3,000 ಆರ್‌ಪಿಎಂನಿಂದ ರೋಟರ್ ತಾನಾಗಿ ನಿಲ್ಲಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ನಿಂತೊಡನೆ ಬಾರಿಂಗ್ ಗೇರ್ (ರೋಟರನ್ನು ನಿಧಾನವಾಗಿ ತಿರುಗಿಸುವ ಯಂತ್ರ) ಹಿಡಿಯಲೇಬೇಕು, ಇಲ್ಲವಾದರೆ ಬಿಸಿ ರೋಟರ್ ತನ್ನ ಭಾರಕ್ಕೇ ಬಾಗುತ್ತದೆ. ಕೇಸಿಂಗ್ ನೂರಿಪ್ಪತ್ತು ಡಿಗ್ರಿಯ ಆಸುಪಾಸಿಗೆ ಇಳಿಯುವವರೆಗೆ, ಅಂದರೆ ದಿನಗಟ್ಟಲೆ, ತಿರುಗಿಸುತ್ತಲೇ ಇರಬೇಕು. ಬೇರಿಂಗಿಗೆ ಎಣ್ಣೆ ನಿಲ್ಲಕೂಡದು ಅಂತಲೇ ಬ್ಯಾಟರಿಯಲ್ಲಿ ಓಡುವ ಡಿಸಿ ಲ್ಯೂಬ್ ಪಂಪ್ ಇಟ್ಟಿರುತ್ತಾರೆ. ಸ್ಥಾವರ ಪೂರ್ತಿ ಕತ್ತಲಾದರೂ ಅದೊಂದು ಓಡಬೇಕು.

ಕೊನೆಗೆ ಸಿಂಕ್ರೊನೈಸ್. ನಮ್ಮ ವೋಲ್ಟೇಜ್ 15.75 ಕೆವಿ, ಗ್ರಿಡ್ ಕಡೆಗೆ ಸರಿಹೊಂದಿರಬೇಕು. ಫ್ರೀಕ್ವೆನ್ಸಿ ಗ್ರಿಡ್‌ಗಿಂತ ಒಂದು ಕೂದಲೆಳೆ ಹೆಚ್ಚಿರಬೇಕು. ಸಿಂಕ್ರೊಸ್ಕೋಪಿನ (ಎರಡೂ ಕಡೆಯ ಹೊಂದಿಕೆ ತೋರಿಸುವ ಮೀಟರ್) ಮುಳ್ಳು ಗಡಿಯಾರದ ದಿಕ್ಕಿಗೆ ನಿಧಾನವಾಗಿ ತಿರುಗಿ ಹನ್ನೆರಡರ ಹತ್ತಿರ ಬರುವಾಗ, ಮುಟ್ಟುವುದಕ್ಕೆ ತುಸು ಮುಂಚೆ ಬ್ರೇಕರ್ ಹಾಕಬೇಕು. ಬ್ರೇಕರಿಗೂ ಮುಚ್ಚಿಕೊಳ್ಳಲು ಹೊತ್ತು ಬೇಕಲ್ಲ. ಈಗ ಆಟೋ ಸಿಂಕ್ ಮಾಡುತ್ತದೆ, ಆದರೂ ಆಪರೇಟರ್ ಕಣ್ಣು ಮುಳ್ಳಿನ ಮೇಲೇ. ಕೋನ ತಪ್ಪಿ ಬಿದ್ದರೆ ಶಾಫ್ಟಿನ ಮೇಲೆ ಬೀಳುವ ತಿರುಚು ಬಲಕ್ಕೆ ಕಪ್ಲಿಂಗ್ ಬೋಲ್ಟುಗಳೇ ಕತ್ತರಿಸಿ ಹೋದ ಉದಾಹರಣೆಗಳಿವೆ. ಸಿಂಕ್ ಆದ ಮರುಕ್ಷಣ ಒಂದಿಷ್ಟು ಲೋಡ್ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ರಿವರ್ಸ್ ಪವರ್ ರಿಲೇ (ಗ್ರಿಡ್ಡಿನಿಂದ ಕರೆಂಟು ಒಳಬಂದರೆ ಕತ್ತರಿಸುವ ಸಾಧನ) ಹೊರಗೆ ಹಾಕುತ್ತದೆ.

ಬಿಸಿಲುಮಚ್ಚು
ಶರಾವತಿ ಘಟಕಗಳು ನಿಮಿಷಗಳಲ್ಲಿ ಶುರುವಾಗುತ್ತವಂತೆ. ಸಂಜೆ ಅದನ್ನೇ ಓಡಿಸಿ, ಕಲ್ಲಿದ್ದಲು ಯಾಕೆ?

ಲಿಂಗನಮಕ್ಕಿ1819
ಓಡಿಸ್ತಾ ಇರೋದೇ ಹಾಗೆ. ಶರಾವತಿ 103.5ರ ಹತ್ತು ಘಟಕ, ಒಟ್ಟು 1,035 ಮೆಗಾವ್ಯಾಟ್. ಪೆಲ್ಟನ್ ಚಕ್ರ, ನಾಜಲ್ ತೆರೆದರೆ ಆಯ್ತು. ವಾರಾಹಿ 460. ಕಾಳಿ ಮೇಲೆ ನಾಗಝರಿ. ಬೆಳಿಗ್ಗೆ-ಸಂಜೆ ಪೀಕಿಗೆ ಇವೇ ಏರಿಳಿಯೋದು. ಆದರೆ ಜಲಾಶಯಕ್ಕೆ ನೀರು ಬರೋದು ಮಳೆಗಾಲದಲ್ಲಿ, ಜೂನ್‌ನಿಂದ ಜೂನ್‌ವರೆಗೆ ಅದನ್ನ ಹಂಚಿಕೊಂಡು ತಿನ್ನಬೇಕು. ಲಿಂಗನಮಕ್ಕಿ 1,819 ಅಡಿ ತುಂಬದ ವರ್ಷ ಫೆಬ್ರವರಿಯಿಂದಲೇ ಕೈ ಬಿಗಿಹಿಡಿಯಬೇಕು. ಪಂಪ್‌ಸೆಟ್ ಬೇಡಿಕೆ ಏರೋದೂ ಅದೇ ತಿಂಗಳುಗಳಲ್ಲಿ.

ಮಧ್ಯಾಹ್ನದ ಸೋಲಾರಿನಲ್ಲಿ ನೀರನ್ನ ಮೇಲಕ್ಕೆ ಎತ್ತಿ ಸಂಜೆ ಬಿಡೋ ಪಂಪ್ಡ್ ಸ್ಟೋರೇಜ್ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಗೇರುಸೊಪ್ಪ-ತಲಕಳಲೆ ನಡುವೆ 2,000 ಮೆಗಾವ್ಯಾಟಿನದು ಯೋಜನೆಯಲ್ಲಿದೆ. ಅದು ಸಿಂಗಳೀಕ ಅಭಯಾರಣ್ಯದೊಳಗೆ ಬರೋದರಿಂದ ವಿರೋಧವೂ ಗಟ್ಟಿಯಾಗಿದೆ. ವಿರೋಧ ಸುಮ್ಮನೆ ಅಲ್ಲ ಅನ್ನೋದು ನನ್ನ ಅಭಿಪ್ರಾಯ, ಆದರೆ ಅದಕ್ಕೆ ಬೇರೆ ಎಳೆ ತೆಗೀರಿ.

ಪಡುಬಿದ್ರಿಗಾಳಿ
ಮಾರಾಯ್ರೆ, ಶೇ. 55ಕ್ಕೆ ಯಾಕೆ ನಿಂತಿರಿ? ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮದಲ್ಲಿ ಶೇ. 40ಕ್ಕೆ ಇಳಿಯುವ ಹಾಗೆ ಘಟಕಗಳನ್ನು ಸಜ್ಜು ಮಾಡಬೇಕು ಅಂತ ಉಂಟಲ್ಲ. ಏರಿಳಿತದ ವೇಗವೂ ಹೇಳಿದ್ದಾರೆ: 70ರ ಮೇಲೆ ನಿಮಿಷಕ್ಕೆ ಶೇ. 3, 55ರಿಂದ 70ರವರೆಗೆ ಶೇ. 2, ಅದರ ಕೆಳಗೆ ಶೇ. 1.

ಬಾಯ್ಲರ್‌ಡ್ರಮ್
ನಿಯಮ ಅದ ರೀ, ಕಲ್ಲಿದ್ದಲಿಗೆ ಓದಾಕ ಬರಂಗಿಲ್ಲ.

ನಿಮ್ಮ ಕಡಿಯ ಉಡುಪಿ ಸ್ಥಾವರ ಹಡಗಿನಾಗ ಬರೂ ವಿದೇಶಿ ಕಲ್ಲಿದ್ದಲಿಗೆ ಕಟ್ಟಿದ್ದು. ಬೂದಿ ಕಡಿಮಿ, ಶಾಖ ಹೆಚ್ಚು, ಜ್ವಾಲಿ ಗಟ್ಟಿ ನಿಂದರ್ತದ. ರಾಯಚೂರಿಗೆ ಬರೂದು ಸಿಂಗರೇಣಿ, ವೆಸ್ಟರ್ನ್, ಮಹಾನದಿ ಗಣಿಗಳದು. ಬೂದಿ ಶೇ. 35-40. 210ಕ್ಕ ಕಲ್ಲಿದ್ದಲು ಪುಡಿ ಮಾಡೂ ಆರು ಮಿಲ್ಲು ಇರ್ತಾವ. ಪೂರ್ತಿ ಲೋಡಿಗೆ ಐದು ಓಡ್ತಾವ, ಒಂದು ಸ್ಟ್ಯಾಂಡ್‌ಬೈ. ಅರ್ಧಕ್ಕ ಇಳಿದಾಗ ಮೂರಕ್ಕ ಬರಬೇಕು, ಆ ಮೂರೂ ಒಂದಕ್ಕೊಂದು ಹೊಂದಿಕೊಂಡ ಮಟ್ಟದ್ದೇ ಇರಬೇಕು. ಎ, ಸಿ, ಎಫ್ ಮಿಲ್ಲು ಅಂತ ಬಿಟ್ಟುಬಿಟ್ಟು ಓಡಿಸಿದ್ರ ಬೆಂಕಿ ಒಂದಕ್ಕೊಂದು ಆಸರ ಕೊಡಂಗಿಲ್ಲ. ಫ್ಲೇಮ್ ಸ್ಕ್ಯಾನರ್ ಮಿಟುಕಾಕ ಹತ್ತಿದ್ರ ಎಣ್ಣಿ ಸಪೋರ್ಟ್ ತಗೋಬೇಕು. ತಡ ಆತಂದ್ರ ಫ್ಲೇಮ್ ಫೇಲ್ಯೂರ್, ಇಡೀ ಘಟಕ ಟ್ರಿಪ್. ಶೇ. 40ಕ್ಕ ಎಣ್ಣಿ ಹಾಕ್ಕೋತ ಓಡಿಸಿದ್ರ ಉಳಿತಾಯ ಎಲ್ಲಿಂದ ಬಂತು?

ಇನ್ನೊಂದು, ಕಣ್ಣಿಗೆ ಕಾಣದ ಹೊಡೆತ. ಲೋಡ್ ಇಳಿದ್ರ ಏರ್ ಪ್ರೀಹೀಟರ್ ದಾಟಿ ಹೋಗೂ ಹೊಗಿ ತಣ್ಣಗಾಗ್ತದ. ಆಸಿಡ್ ಡ್ಯೂ ಪಾಯಿಂಟ್ ಕೆಳಗ ಬಂದ್ರ ಗಂಧಕದ ಆಮ್ಲ ಇಬ್ಬನಿಯಂಗ ಕೂತು ಪ್ರೀಹೀಟರಿನೊಳಗಿನ ತಗಡು (ಬ್ಯಾಸ್ಕೆಟ್) ತಿಂತದ. ಬೂದಿ ಒದ್ದಿಯಾಗಿ ಅಂಟ್ಕೋತದ. ನಮ್ಮ ಕಲ್ಲಿದ್ದಲಿನಾಗ ಗಂಧಕ ಕಡಿಮಿ ಅನ್ನೂದೊಂದೇ ಪುಣ್ಯ.

ರಾಯಚೂರು ಹತ್ರದ ಯರಮರಸಿನ 800ರ ಎರಡು ಸೂಪರ್‌ಕ್ರಿಟಿಕಲ್ (ನೀರು ಕುದಿಯದನ ಉಗಿಯಾಗೂವಷ್ಟು ಒತ್ತಡದ) ಘಟಕಕ್ಕ ಡ್ರಮ್ಮೇ ಇಲ್ಲ, ಅರೆಲೋಡಿನಾಗ ಶಾಖದ ನಷ್ಟನೂ ಕಡಿಮಿ. ಏರಿಳಿತ ಮಾಡೂದಾದ್ರ ಅಂಥಾವು ಮಾಡಲಿ ಅಂತ ನನ್ನ ಮತ. 1985ರಾಗ ಶುರುವಾದ ಘಟಕನ್ನ ಕುಣಿಸೂದಲ್ಲ.

ಡಿಎಂ‌ನೀರು
ಸೂಪರ್‌ಕ್ರಿಟಿಕಲ್ ಸುಲಭ ಅಂತ ಹೇಳಿ ಮುಗಿಸಬೇಡಿ. ಡ್ರಮ್ ಇರುವಲ್ಲಿ ನೀರಿನ ಕೊಳೆಯನ್ನು ಬ್ಲೋಡೌನ್ ಮಾಡಿ ಹೊರಹಾಕಬಹುದು. ಡ್ರಮ್ಮಿಲ್ಲದ ಒನ್ಸ್-ಥ್ರೂ ಬಾಯ್ಲರಿನಲ್ಲಿ ಒಳಗೆ ಹೋದದ್ದೆಲ್ಲ ನೇರ ಟರ್ಬೈನಿಗೆ. ಅದಕ್ಕೇ ಅಲ್ಲಿ ಕಂಡೆನ್ಸೇಟ್ ಪಾಲಿಶಿಂಗ್ (ಉಗಿ ತಣಿದ ನೀರನ್ನು ಮತ್ತೆ ಶುದ್ಧ ಮಾಡುವುದು) ಬಿಟ್ಟು ಓಡಿಸುವ ಹಾಗಿಲ್ಲ.

210ರಲ್ಲೂ ನೀರಿನ ಮಟ್ಟಿಗೆ ಸಡಿಲವಿಲ್ಲ. ಉಗಿಯಲ್ಲಿ ಸಿಲಿಕಾ 20 ಪಿಪಿಬಿ (ನೂರು ಕೋಟಿ ಭಾಗದಲ್ಲಿ 20) ದಾಟಬಾರದು. ದಾಟಿದರೆ ಒತ್ತಡ ಇಳಿದ ಕಡೆ, ಅಂದರೆ ಬ್ಲೇಡುಗಳ ಮೇಲೆ, ಗಾಜಿನಂತೆ ಗಟ್ಟಿಯಾಗಿ ಕೂರುತ್ತದೆ, ತೊಳೆದರೆ ಹೋಗುವುದಿಲ್ಲ. ಪ್ರತಿ ಸಲ ನಿಲ್ಲಿಸಿ ಹೊತ್ತಿಸಿದಾಗ ಗಾಳಿ ಹೊಕ್ಕು ಪೈಪಿನ ಕಬ್ಬಿಣ ಬಿಡುತ್ತದೆ, ಸಿಲಿಕಾ ಏರುತ್ತದೆ. ಅದು ಇಳಿಯುವವರೆಗೆ ಒತ್ತಡ ಏರಿಸಬೇಡಿ ಅಂತ ಲ್ಯಾಬ್‌ನಿಂದ ತಡೆಯುತ್ತೇವೆ, ಕಂಟ್ರೋಲ್ ರೂಮಿನವರು ಗೊಣಗುತ್ತಾರೆ. ದಿನಾ ಹೊತ್ತಿಸಿದರೆ ಈ ಜಗಳ ದಿನಾ.

ಕಂಡೆನ್ಸರ್ ಟ್ಯೂಬ್ ತೂತಾದರೆ ಇನ್ನೂ ಕಷ್ಟ. ಒಳಗೆ ವ್ಯಾಕ್ಯೂಮ್ ಇರುವುದರಿಂದ ಕೂಲಿಂಗ್ ನೀರು ಒಳಕ್ಕೇ ಎಳೆದುಕೊಳ್ಳುತ್ತದೆ. ಕಂಡೆನ್ಸರ್ ತಳದ ಹಾಟ್‌ವೆಲ್‌ನಲ್ಲಿ ಕಂಡಕ್ಟಿವಿಟಿ, ಸೋಡಿಯಂ ಏರಿದ್ದೇ ಮೊದಲ ಸುಳಿವು. ತಾತ್ಕಾಲಿಕವಾಗಿ ಕೂಲಿಂಗ್ ನೀರಿಗೆ ಮರದ ಹೊಟ್ಟು ಬಿಡುವ ಹಳೆಯ ಉಪಾಯವಿದೆ. ತೂತಿನ ಕಡೆಗೆ ಎಳೆದುಕೊಂಡು ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ಲೋಡ್ ಅರ್ಧಕ್ಕಿಳಿಸಿ ಒಂದು ಬದಿ ತೆರೆದು ಟ್ಯೂಬಿಗೆ ಪ್ಲಗ್ ಹೊಡೆಯಬೇಕು.

ಮೈಸೂರ್‌ಪಾಕ್77
ಪತ್ರಿಕೆಯಲ್ಲಿ ‘ತಾಂತ್ರಿಕ ದೋಷದಿಂದ ಇಂತಿಂಥ ಘಟಕ ಸ್ಥಗಿತ’ ಅಂತ ಬರುತ್ತಲ್ಲ, ಅದು ಸಾಮಾನ್ಯವಾಗಿ ಏನು? ನಾಲ್ಕು ದಿನ ಯಾಕೆ ಬೇಕು?

ಬಾಯ್ಲರ್‌ಡ್ರಮ್
ಬಹುತೇಕ ಸಲ ಬಾಯ್ಲರ್ ಟ್ಯೂಬ್ ಲೀಕ್ ರೀ.

ಸುಳಿವು ಹಿಂಗ ಸಿಗ್ತಾವ. ಉಗಿ ಎಷ್ಟು ಹೋಗ್ತದೋ ಅದಕ್ಕಿಂತ ಫೀಡ್ ನೀರು ಹೆಚ್ಚು ಬೇಕಾಗ್ತದ, ಡಿಎಂ ಮೇಕಪ್ ದಿಢೀರ್ ಏರ್ತದ. ಫರ್ನೇಸ್ ಒತ್ತಡ ಸ್ವಲ್ಪ ಮೈನಸ್‌ನಾಗ ಇರಬೇಕಾದ್ದು ಪ್ಲಸ್ ಕಡಿ ತೂಗ್ತದ, ಐಡಿ ಫ್ಯಾನಿನ ಕರೆಂಟ್ ಏರ್ತದ. ಪೀಪ್ ಹೋಲ್ ಕಡಿ ಕಿವಿ ಕೊಟ್ರ ಸುಂಯ್ ಅನ್ನೂ ಸಪ್ಪಳ. ಈಗ ಅದಕ್ಕ ಅಕೌಸ್ಟಿಕ್ ಸೆನ್ಸರ್ ಹಾಕಿರ್ತಾರ.

ಕಾರಣ ಜಾಗದ ಮ್ಯಾಲೆ ಹೋಗ್ತದ. ಇಕನಾಮೈಸರ್ (ಫೀಡ್ ನೀರು ಕಾಯಿಸೂ ಟ್ಯೂಬು) ಬೆಂಡಿನಾಗ ಆದ್ರ ಬೂದಿ ಸವೆತ. ನಮ್ಮ ಬೂದಿಯಾಗ ಬೆಣಚುಕಲ್ಲಿನ ಪುಡಿ ಹೆಚ್ಚು, ಟ್ಯೂಬನ್ನ ಉಸುಕಿನ ಕಾಗದ ಹಚ್ಚಿ ಉಜ್ಜಿದಂಗ ತಿಂತದ. ಉಗಿ ಇನ್ನೂ ಕಾಯಿಸೂ ಸೂಪರ್‌ಹೀಟರ್, ರೀಹೀಟರಿನಾಗ ಆದ್ರ ಅತಿ ಕಾವು: ಟ್ಯೂಬ್ ಮೀನಿನ ಬಾಯಿಯಂಗ ತೆರೆದಿರ್ತದ. ವಾಟರ್‌ವಾಲ್‌ನಾಗ (ಫರ್ನೇಸ್ ಗೋಡಿಯ ನೀರಿನ ಟ್ಯೂಬು) ಆದ್ರ ನೀರಿನ ರಸಾಯನ ಕೆಟ್ಟಿರಬಹುದು, ಇಲ್ಲಾ ಮಸಿ-ಬೂದಿ ಊದೂ ಸೂಟ್ ಬ್ಲೋವರ್ ಉಗಿಯಾಗ ನೀರಹನಿ ಬಂದು ಹೊಡೆದಿರಬಹುದು. ಆರಿಸೂದು-ಹಚ್ಚೂದು ಹೆಚ್ಚಾದಂಗ ಅಟ್ಯಾಚ್‌ಮೆಂಟ್ ವೆಲ್ಡ್ ಹತ್ರ ಫಟೀಗ್ ಬಿರುಕೂ ಹೆಚ್ಚಾಗ್ತಾವ. ನೀವು ಕೇಳಿದ್ದಕ್ಕೂ ಇದಕ್ಕೂ ಸಂಬಂಧ ಇರೂದು ಅಲ್ಲೇ.

ಸಣ್ಣ ಲೀಕ್ ಅಂತ ವಾರ ದೂಡಬಾರದು. 150 ಕೆಜಿ ಒತ್ತಡದ ಉಗಿ ಪಕ್ಕದ ಟ್ಯೂಬ್ ಕೊಯ್ತದ, ಅದು ಅದರ ಪಕ್ಕದ್ದನ್ನ. ಒಂದು ಟ್ಯೂಬಿನ ಕೆಲಸ ಹತ್ತು ಟ್ಯೂಬಿನದಾಗ್ತದ.

ನಾಲ್ಕು ದಿನದ ಲೆಕ್ಕ: ಫ್ಯಾನ್ ಓಡಿಸಿ ಫರ್ನೇಸ್ ತಣಿಸಾಕ ಒಂದು ದಿನ. ಒಳಗ ಮನಷ್ಯಾ ಇಳೀಬೇಕಲ್ರೀ. ಮ್ಯಾಲೆ ತೂಗಾಡೂ ಕ್ಲಿಂಕರ್ (ಗಟ್ಟಿಯಾದ ಬೂದಿ ಗಡ್ಡಿ) ಕೆಡವಿ, ಸ್ಕ್ಯಾಫೋಲ್ಡಿಂಗ್ ಕಟ್ಟಿ, ಸೋರೂ ಜಾಗ ಹುಡುಕಿ, ಸುತ್ತಲಿನ ಟ್ಯೂಬಿನ ದಪ್ಪ ಅಲ್ಟ್ರಾಸಾನಿಕ್‌ನಾಗ ಅಳೀಬೇಕು. ಕೆಟ್ಟ ತುಂಡು ಕತ್ತರಿಸಿ ಹೊಸದು ಕೂಡಿಸಿ ವೆಲ್ಡ್, ಆಮ್ಯಾಲೆ ಎಕ್ಸ್‌ರೇ. ಕಡೀಕ ಹೈಡ್ರೋ ಟೆಸ್ಟ್, ನೀರು ತುಂಬಿ ಒತ್ತಡ ಕೊಟ್ಟು ನೋಡೂದು. ಅಲ್ಲಿ ಇನ್ನೊಂದು ಕಡಿ ಸೋರಿತಂದ್ರ ಮತ್ತ ಮೊದಲಿಂದ.

ರೇಕ್‌ಎಣಿಕೆ
ಕಲ್ಲಿದ್ದಲು ಕಡೆಯಿಂದ ಒಂದಿಷ್ಟು. 210 ಪೂರ್ತಿ ಲೋಡಿನಲ್ಲಿ ದಿನಕ್ಕೆ 50.4 ಲಕ್ಷ ಯೂನಿಟ್, 0.71ರ ಲೆಕ್ಕದಲ್ಲಿ 3,600 ಟನ್. ಒಂದು ರೇಕ್ ಅಂದರೆ 58-59 ವ್ಯಾಗನ್, 3,800 ಟನ್ ಮೇಲೆ ಕೆಳಗೆ. ಹಾಗಾಗಿ ಘಟಕಕ್ಕೆ ದಿನಕ್ಕೊಂದು ರೇಕ್ ಅಂತ ಬೆರಳಲ್ಲಿ ಎಣಿಸಿ. ಎಂಟೂ ಓಡಿದರೆ ಎಂಟು. ಬೂದಿಯೂ ಅದೇ ಪ್ರಮಾಣ: ಶೇ. 38 ಹಿಡಿದರೆ ಘಟಕಕ್ಕೆ ದಿನಕ್ಕೆ 1,370 ಟನ್. ಅದರಲ್ಲಿ ಸುಮಾರು ಶೇ. 80 ಹಾರುಬೂದಿ, ಇಎಸ್‌ಪಿಯಲ್ಲಿ (ವಿದ್ಯುತ್ತಿನಿಂದ ಬೂದಿ ಸೆಳೆಯುವ ಯಂತ್ರ) ಹಿಡಿದು ಸಿಮೆಂಟ್, ಇಟ್ಟಿಗೆಯವರಿಗೆ. ಉಳಿದದ್ದು ತಳದ ಬೂದಿ, ನೀರಲ್ಲಿ ಕಲಸಿ ಹೊಂಡಕ್ಕೆ.

ಮಳೆಗಾಲದಲ್ಲಿ ಕಲ್ಲಿದ್ದಲು ಇದ್ದೂ ಇಲ್ಲದ ಹಾಗೆ. ವ್ಯಾಗನ್ ಟಿಪ್ಲರಿನಲ್ಲಿ ಬುಡಮೇಲು ಮಾಡಿದರೂ ಒದ್ದೆ ಕಲ್ಲಿದ್ದಲು ತಳಕ್ಕೆ ಅಂಟಿಕೊಂಡು ಬೀಳುವುದಿಲ್ಲ. ಕ್ರಷರ್ 20 ಮಿಲಿಮೀಟರಿಗೆ ಒಡೆಯಬೇಕು, ಜರಡಿ ಕಟ್ಟಿಕೊಳ್ಳುತ್ತದೆ. ಬಂಕರಿನಲ್ಲಿ (ಕಲ್ಲಿದ್ದಲು ತೊಟ್ಟಿ) ಗೋಡೆಗೆ ಮೆತ್ತಿ ನಡುವೆ ಇಲಿಬಿಲದ ಹಾಗೆ ಒಂದೇ ಒಂದು ತೂತು ಉಳಿಯುತ್ತದೆ. ಮೇಲಿನಿಂದ ನೋಡಿದರೆ ಬಂಕರ್ ಭರ್ತಿ, ಕೆಳಗೆ ಮಿಲ್ಲಿಗೆ ಕಲ್ಲಿದ್ದಲು ಹಾಕುವ ಫೀಡರಿನಲ್ಲಿ ‘ನೋ ಕೋಲ್’ ಅಲಾರಂ. ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯುವ, ಏರ್ ಬ್ಲಾಸ್ಟರ್ ಹೊಡೆಯುವ ಕೆಲಸ ಶಿಫ್ಟು ಪೂರ್ತಿ. ಮಿಲ್ಲಿನೊಳಗೆ ಹೋದ ಒದ್ದೆ ಕಲ್ಲಿದ್ದಲು ಒಣಗಲು ಬಿಸಿ ಗಾಳಿ ಸಾಲದೆ ಔಟ್‌ಲೆಟ್ ಉಷ್ಣತೆ 75ರಿಂದ 55ಕ್ಕೆ ಬೀಳುತ್ತದೆ. ಪುಡಿ ಶೇ. 70 ಭಾಗ 200 ಮೆಶ್ ಜರಡಿ ದಾಟುವಷ್ಟು ನುಣುಪು ಬೇಕು, ಬರುವುದಿಲ್ಲ. ಜ್ವಾಲೆ ಅಲುಗುತ್ತದೆ, ಮತ್ತೆ ಎಣ್ಣೆ. ಇಂಥ ಸಂಜೆ ಘಟಕ ಹೊತ್ತಿಸಿ ಅಂದರೆ ಯಾರೂ ಸಮಯ ಹೇಳಿ ಒಪ್ಪಿಕೊಳ್ಳುವುದಿಲ್ಲ.

ಹಳ್ಳಿಲೈನ್
ಇಷ್ಟೆಲ್ಲ ಕಷ್ಟ ಯಾಕೆ? ಮಧ್ಯಾಹ್ನ ಹೆಚ್ಚಾದ ಕರೆಂಟು ಗ್ರಿಡ್‌ನಲ್ಲೇ ಇರುತ್ತಲ್ಲ, ಸಂಜೆ ಬಳಸಿದರಾಯಿತು.

50ಹರ್ಟ್ಜ್
ಇರುವುದಿಲ್ಲ. ತಂತಿಯಲ್ಲಿ ಏನೂ ಉಳಿಯುವುದಿಲ್ಲ. ಉತ್ಪಾದನೆ ಬೇಡಿಕೆಗಿಂತ ಹೆಚ್ಚಾದರೆ ದೇಶದ ಎಲ್ಲ ಜನರೇಟರುಗಳೂ ಒಟ್ಟಿಗೆ ತುಸು ವೇಗ ಹೆಚ್ಚಿಸಿಕೊಳ್ಳುತ್ತವೆ, ಕಡಿಮೆಯಾದರೆ ನಿಧಾನವಾಗುತ್ತವೆ. ಫ್ರೀಕ್ವೆನ್ಸಿಯನ್ನು 49.90ರಿಂದ 50.05 ಹರ್ಟ್ಜ್‌ನೊಳಗೆ ಹಿಡಿದಿಡಬೇಕು. 5 ಶೇಕಡಾ ಡ್ರೂಪ್ (ಫ್ರೀಕ್ವೆನ್ಸಿ ಶೇ. 5 ಬಿದ್ದರೆ ಪೂರ್ತಿ ಲೋಡ್ ಏರಿಸುವ ಹೊಂದಿಕೆ) ಇರುವ ಗವರ್ನರ್ (ಟರ್ಬೈನಿಗೆ ಉಗಿ ಹೆಚ್ಚು ಕಡಿಮೆ ಮಾಡುವ ಸಾಧನ), ಫ್ರೀಕ್ವೆನ್ಸಿ 0.1 ಹರ್ಟ್ಜ್ ಬಿದ್ದರೆ ಲೋಡನ್ನು ತಾನಾಗಿ ಶೇ. 4 ಏರಿಸುತ್ತದೆ, 210ರಲ್ಲಿ 8.4 ಮೆಗಾವ್ಯಾಟ್. ಆದರೆ ಈ ಕೆಲಸ ಮಾಡಲು ಘಟಕ ಓಡುತ್ತಿರಬೇಕು. ಆರಿಸಿಟ್ಟ ಘಟಕದ ಗವರ್ನರ್ ಯಾರಿಗೂ ನೆರವಾಗುವುದಿಲ್ಲ. ಮಧ್ಯಾಹ್ನ ಕೆಲವು ಭಾರದ ರೋಟರುಗಳು ತಿರುಗುತ್ತಿರಲಿ ಅನ್ನುವುದಕ್ಕೆ ಇದೂ ಕಾರಣ. ಸೋಲಾರ್ ಇನ್ವರ್ಟರಿನಲ್ಲಿ ತಿರುಗುವ ತೂಕವೇ ಇಲ್ಲ.

2012ರ ಜುಲೈ 30, 31ರಂದು ಉತ್ತರ ಭಾರತ, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯವೂ ಸೇರಿ ಕತ್ತಲಾದಾಗ ನಮಗೆ ತಟ್ಟಲಿಲ್ಲ, ಏಕೆಂದರೆ ದಕ್ಷಿಣ ಆಗ ಬೇರೆ ಫ್ರೀಕ್ವೆನ್ಸಿಯಲ್ಲಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಜೋಡಿಸಿದ ಮೇಲೆ ಇಡೀ ದೇಶ ಒಂದೇ ಗ್ರಿಡ್. ಅಂದಿನಿಂದ ರಾಜಸ್ಥಾನದ ಸೋಲಾರ್ ಮೋಡದಲ್ಲಿ ಮುಳುಗಿದರೂ ಶಕ್ತಿನಗರದ ಗವರ್ನರ್ ಅಲುಗುತ್ತದೆ.

ಮೈಸೂರ್‌ಪಾಕ್77
ಒಂದು ವೇಳೆ ಇಲ್ಲೂ ಪೂರ್ತಿ ಕತ್ತಲಾದರೆ ಥರ್ಮಲ್ ಸ್ಥಾವರ ತಾನೇ ಎದ್ದೇಳಬಲ್ಲದೇ?

50ಹರ್ಟ್ಜ್
ಇಲ್ಲ. 210ರ ಘಟಕ ತಾನು ಮಾಡುವ ಕರೆಂಟಿನಲ್ಲಿ ಶೇ. 8.5-9ರಷ್ಟನ್ನು ತನ್ನ ಫ್ಯಾನು, ಪಂಪು, ಮಿಲ್ಲುಗಳಿಗೇ ಬಳಸುತ್ತದೆ. ಅದು ಹೊರಗಿನಿಂದ ಬರಬೇಕು. ಮೊದಲು ಜಲವಿದ್ಯುತ್ ಘಟಕ ಎಬ್ಬಿಸಿ, ಒಂದು ಲೈನ್ ಜೀವ ತುಂಬಿ, ನಡುನಡುವೆ ಸ್ವಲ್ಪ ಸ್ವಲ್ಪ ಲೋಡ್ ಕಟ್ಟುತ್ತಾ ಥರ್ಮಲ್ ಸ್ಥಾವರದವರೆಗೆ ತರುವುದು ಕ್ರಮ. ಅವಸರದಲ್ಲಿ ಒಟ್ಟಿಗೆ ಲೋಡ್ ಹಾಕಿದರೆ ಫ್ರೀಕ್ವೆನ್ಸಿ ಕುಸಿದು ಮತ್ತೆ ಕತ್ತಲು.

ಬಿಸಿಲುಮಚ್ಚು
ಸರಿ, ದಿನಾ ಆರಿಸುವುದು ಬೇಡ. ಆದರೆ ಜುಲೈ-ಆಗಸ್ಟಿನಲ್ಲಿ ರಾಯಚೂರಿನ ಘಟಕಗಳು ವಾರಗಟ್ಟಲೆ ನಿಂತಿರುತ್ತವಲ್ಲ, ಆಗ ದುಡ್ಡು ಯಾರು ಕೊಡುತ್ತಾರೆ? ತುಕ್ಕು ಹಿಡಿಯುವುದಿಲ್ಲವೇ?

50ಹರ್ಟ್ಜ್
ಅದು ರಿಸರ್ವ್ ಶಟ್‌ಡೌನ್, ಕರೆದಾಗ ಬರಲು ಸಿದ್ಧವಾಗಿ ನಿಲ್ಲಿಸಿಡುವುದು. ಮಳೆ ಬಿದ್ದು ಪಂಪ್‌ಸೆಟ್ ನಿಂತಿರುತ್ತದೆ, ಗಾಳಿಯಂತ್ರ ಜೋರಾಗಿರುತ್ತದೆ, ಜಲಾಶಯ ತುಂಬುತ್ತಿರುತ್ತದೆ. ಮೆರಿಟ್ ಆರ್ಡರಿನಲ್ಲಿ ಇಂಧನ ವೆಚ್ಚ ಹೆಚ್ಚಿರುವವು ಮೊದಲು ಹೊರಗೆ. ದರ ಎರಡು ಭಾಗ: ಸ್ಥಿರ ವೆಚ್ಚ, ಇಂಧನ ವೆಚ್ಚ. ಘಟಕ ಸಿದ್ಧವಿದೆ ಅಂತ ಘೋಷಿಸಿದ್ದರೆ, ವರ್ಷದ ಲಭ್ಯತೆ ಶೇ. 85 ಮುಟ್ಟಿದರೆ, ಓಡಿಸಲಿ ಬಿಡಲಿ ಸ್ಥಿರ ವೆಚ್ಚ ಪೂರ್ತಿ ಸಿಗುತ್ತದೆ. ಅದು ಕೊನೆಗೆ ನಮ್ಮ ಬಿಲ್ಲಿನಲ್ಲೇ ಬರುವುದು. ಸ್ಥಾವರಗಳು ಲೀಕ್ ಇದ್ದ ಘಟಕವನ್ನೂ ಸಿದ್ಧ ಅಂತ ತೋರಿಸಬಹುದಲ್ಲ ಅನ್ನಬೇಡಿ, ಲೋಡ್ ಡಿಸ್ಪ್ಯಾಚ್ ಕರೆದಾಗ ಹೇಳಿದ ಹೊತ್ತಿಗೆ ಬಾರದಿದ್ದರೆ ದಂಡ ಇದೆ.

ಡಿಎಂ‌ನೀರು
ತುಕ್ಕಿನ ಪ್ರಶ್ನೆಗೆ. ನಾಲ್ಕೈದು ದಿನದ ಮಟ್ಟಿಗಾದರೆ ಬಾಯ್ಲರಿನಲ್ಲಿ ನೀರು ಹಾಗೇ ಬಿಟ್ಟು, ಅಮೋನಿಯಾದಿಂದ ಪಿಎಚ್ 10ಕ್ಕೆ ತಂದು, ಹೈಡ್ರಜೀನ್ 200 ಪಿಪಿಎಂ ಹಾಕಿ ಮುಚ್ಚಿಡುತ್ತಾರೆ. ಹೈಡ್ರಜೀನ್ ವಿಷಕಾರಿ, ಕೈಗವಸು-ಮುಖಗವಸು ಇಲ್ಲದೆ ಡ್ರಮ್ಮು ತೆರೆಯಬಾರದು. ವಾರಗಟ್ಟಲೆ ಅಂತ ಮೊದಲೇ ಗೊತ್ತಿದ್ದರೆ ಡ್ರಮ್ ಒತ್ತಡ 3-5 ಕೆಜಿ ಇರುವಾಗಲೇ ಬಿಸಿಬಿಸಿಯಾಗಿ ನೀರು ಖಾಲಿ ಮಾಡಬೇಕು. ಟ್ಯೂಬು ತನ್ನ ಕಾವಿಗೇ ಒಣಗುತ್ತದೆ. ಒತ್ತಡ ಸೊನ್ನೆಗೆ ಬೀಳುವ ಮೊದಲೇ ನೈಟ್ರೊಜನ್ ತುಂಬಬೇಕು, ಗಾಳಿ ಹೊಕ್ಕ ಮೇಲೆ ತುಂಬಿ ಪ್ರಯೋಜನವಿಲ್ಲ. ತೊಂದರೆ ಎಲ್ಲಿ ಅಂದರೆ, ಸೂಪರ್‌ಹೀಟರಿನ ಜೋತುಬಿದ್ದ ಸುರುಳಿಗಳಿಗೆ ಡ್ರೇನ್ ಇಲ್ಲ. ಕೆಳಗಿನ ಬೆಂಡಿನಲ್ಲಿ ಒಂದು ಲೋಟದಷ್ಟು ನೀರು ನಿಂತರೂ ಅಲ್ಲೇ ಗುಳಿ ಬೀಳುತ್ತದೆ.

ಬಾಯ್ಲರ್‌ಡ್ರಮ್
ಅಕ್ಟೋಬರ್‌ನಾಗ ಲೋಡ್ ಬಂದು ಹಚ್ಚಿದಾಗ ಮೊದಲ ಲೀಕ್ ಆಗೂದು ಆ ಬೆಂಡಿನಾಗೇ. ಅದಕ್ಕ ಹಚ್ಚೂ ಮೊದಲು ಒಂದು ಹೈಡ್ರೋ ಟೆಸ್ಟ್ ಮಾಡ್ಕೊಂಡ್ರ ನಾಲ್ಕು ದಿನ ಉಳೀತಾವ. ಬಂಕರಿನಾಗ ಹಳೇ ಕಲ್ಲಿದ್ದಲು ಬಿಟ್ಟಿರಬಾರದು, ತಾನಾಗೇ ಹೊತ್ಕೋತದ. ನಿಲ್ಲಸೂ ದಿನಾನ ಫೀಡರ್ ಓಡಿಸಿ ಬಂಕರ್ ಖಾಲಿ ಮಾಡ್ಬೇಕು.